ಥಟ್ಟನೆ ಬಂದ ಉತ್ತರ

ಜುಲೈ ೨೯, ಸೋಮವಾರ

ಇನ್ನೂ ಹನ್ನೊಂದು ಗಿರಾಕಿಗಳು ಹೋದರು. ಕುನ್ ಅಣ್ಣ ಚಹಾ ಬಟ್ಟಲು ತೊಳೆಯುತ್ತ ಹವಾಮಾನ ವರದಿ ಓದಿದಷ್ಟು ಸಲೀಸಾಗಿ ಹೇಳಿದ. ದೊಡ್ಡಪ್ಪನ ಮಗ ಅಂತ ಸುಮ್ಮನಿದ್ದೇನೆ. ಏಳು ವರ್ಷದಿಂದ 'ಬೆಳ್ಳಕ್ಕಿ' ಎಂಬ ನಮ್ಮ ಪ್ರೋಗ್ರಾಂ ಬರೆಯುವವಳು ನಾನು, ಗಿರಾಕಿಗಳ ಬೈಗುಳ ತಿನ್ನುವವನು ಅವನು. ಕೆಲಸ ಹಂಚಿಕೊಂಡದ್ದು ಹಾಗೆ. ಬೈಗುಳದಲ್ಲಿ ಏನು ಪುಷ್ಟಿ ಇದೆಯೋ, ಅವನ ಮೈ ಇಳಿದದ್ದನ್ನು ನಾನು ನೋಡಿಲ್ಲ.

"ಯಾಕಂತೆ?" ಅಂದೆ.

"ನಿಧಾನವಂತೆ, ಆಹುಯಿ. ಐದು ಸಾವಿರ ಹೆಸರಿನ ಪಟ್ಟಿ ಕೊಟ್ರೆ ನಿಮ್ಮ ಬೆಳ್ಳಕ್ಕಿ ಐದು ಗಂಟೆ ಒಂಟಿ ಕಾಲಲ್ಲಿ ನಿಂತಿರುತ್ತೆ, ಅಷ್ಟರಲ್ಲಿ ಮೀನು ಬೇರೆಯವರ ಬಾಯಲ್ಲಿರುತ್ತೆ ಅಂತಾರೆ."

ನಾನೇನು ಮಾಡಲಿ? ಒಂದು ಡೊಮೇನ್ ಹೆಸರು, ಅಂದರೆ ಜಾಲತಾಣದ ವಿಳಾಸ, ಯಾರದು, ಯಾವಾಗ ಅವಧಿ ಮುಗಿಯುತ್ತದೆ, ಎಷ್ಟು ಹಳೆಯದು ಎಂದು ನೋಂದಣಿಯವರ ಸರ್ವರನ್ನು ಕೇಳಬೇಕು. ಅದು ಉತ್ತರ ಕೊಡಲು ಮೂರೂವರೆ ಸೆಕೆಂಡು. ಅವಸರ ಮಾಡಿ ಹತ್ತು ಸಲ ಒಟ್ಟಿಗೆ ತಟ್ಟಿದರೆ ಇಡೀ ಒಂದು ದಿನ ಬಾಗಿಲನ್ನೇ ಮುಚ್ಚಿಬಿಡುತ್ತಾರೆ. ಇದನ್ನು ಈ ವ್ಯಾಪಾರಿಗಳಿಗೆ ತಿಳಿಸಿ ಹೇಳುವುದಕ್ಕಿಂತ ಗೋಡೆಗೆ ಹೇಳುವುದು ಮೇಲು.

ಎಂಥ ಜನ! ಯಾರೋ ನವೀಕರಿಸದೆ ಬಿಟ್ಟ ಹೆಸರು ಉದುರುವುದನ್ನೇ ಕಾದು, ಹಿಡಿದು, ಮಾರುವ ಜನ. ಕುನ್ ಅಣ್ಣನ ಚಹಾ ಮೇಜಿನ ಸುತ್ತ ಕೂತು ಮಕ್ಕಳ ಅಂಕ, ಹೆಂಡತಿಯ ಬಿಪಿ, ಮೂಲವ್ಯಾಧಿ ಎಲ್ಲವನ್ನೂ ಮಾತಾಡುತ್ತಾರೆ. ಯಾವ ಹೆಸರು ಕಾಯ್ತಿದೀರಿ ಅಂತ ಕೇಳಿ ನೋಡಿ, ಬಟ್ಟಲೊಳಗೆ ಮುಖ ಹಾಕುತ್ತಾರೆ. ಕಾಯುತ್ತಿರುವ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎನ್ನುವುದು ಈ ಕಸುಬಿನ ಮೊದಲ ನೇಮ. ತಾನು ಕಳ್ಳ, ಪರರ ನಂಬ. ನಾನು ಆ ಮೇಜಿಗೆ ಹೋಗುವುದಿಲ್ಲ. ನನ್ನ ಚಹಾ ನನ್ನ ಫ್ಲಾಸ್ಕಿನಲ್ಲಿದೆ.

ಹೋಂಗ್ ಮೇಷ್ಟ್ರು ಇವತ್ತೂ ಫೋನ್ ಮಾಡಿದ್ದರಂತೆ. ನಿವೃತ್ತರಾದ ಮುದುಕರು, ಒಂದು ವರ್ಷಕ್ಕೆ ಬೆಳ್ಳಕ್ಕಿ ಕೊಂಡಿದ್ದಾರೆ, ಅವರ ಪಟ್ಟಿಯಲ್ಲಿ ಇರುವುದು ಒಂದೇ ಒಂದು ಹೆಸರು. ಇಲಿ ಹಿಡಿಯಲು ಆನೆ ತಂದವರು.

ಜುಲೈ ೩೧

ಇದನ್ನು ಬರೆಯದೆ ಮಲಗಲಾರೆ.

ಹೊಸ ಆವೃತ್ತಿಯಲ್ಲಿ ಒಂದು ಎಣಿಕೆ ಸೇರಿಸಿದ್ದೆ. ಯಾರು ಕೇಳಿದರು ಅಂತಲ್ಲ, ಏನು ಕೇಳಿದರು ಅಂತ ಮಾತ್ರ. ನಿನ್ನೆ ಒಂದು ದಿನದಲ್ಲಿ ನಮ್ಮ ಗಿರಾಕಿಗಳೆಲ್ಲ ಸೇರಿ ಹದಿನೆಂಟು ಲಕ್ಷ ಪ್ರಶ್ನೆ ಕೇಳಿದ್ದಾರೆ. ಅದರಲ್ಲಿ ಬೇರೆ ಬೇರೆ ಹೆಸರುಗಳು ಬರೀ ಅರವತ್ತೊಂದು ಸಾವಿರ! ನಾನು ಮೂರು ಸಲ ಎಣಿಸಿದೆ. ಒಂದು ಹೆಸರನ್ನಂತೂ ನಾನೂರ ಎಂಟು ಸಲ ಕೇಳಿದ್ದಾರೆ.

ಹಾರ್ಬಿನ್ನಿನಿಂದ ಹೈಕೌವರೆಗೆ, ಬಾಗಿಲು ಹಾಕಿಕೊಂಡು, ಹೆಂಡತಿಗೂ ಹೇಳದೆ ಒಬ್ಬೊಬ್ಬನೂ ತನ್ನ ಗುಟ್ಟಿನ ಹೆಸರನ್ನು ಕೇಳುತ್ತಾನೆ. ಸಾವಿರ ಜನ ಒಂದೇ ಬಾವಿಗೆ ಒಬ್ಬೊಬ್ಬರೇ ಕೊಡ ಹಿಡಿದು ಹೋಗುತ್ತಿದ್ದಾರೆ, ಪ್ರತಿಯೊಬ್ಬನೂ ಬಾವಿ ತನಗೊಬ್ಬನಿಗೇ ಗೊತ್ತು ಅಂದುಕೊಂಡು. ಏಳು ವರ್ಷ ಇವರ ನಡುವೆ ಇದ್ದೂ ನನಗೆ ಇದು ಕಂಡಿರಲಿಲ್ಲ.

ಒಬ್ಬ ಕಾದು ತಂದ ಉತ್ತರವನ್ನು ಆರು ಗಂಟೆ ಕಾಲ ಒಂದು ಉಗ್ರಾಣದಲ್ಲಿ ಇಟ್ಟರೆ? ಎರಡನೆಯವನು ನೋಂದಣಿಯವರ ಬಾಗಿಲಿಗೆ ಹೋಗಬೇಕಾಗಿಯೇ ಇಲ್ಲ.

ಆಗಸ್ಟ್ ೩, ಶನಿವಾರ

ಕುನ್ ಅಣ್ಣ ತಲೆ ಕೆರೆದುಕೊಂಡ. "ನಮ್ಮ ಜನ ಒಪ್ತಾರಾ? ಗಂಡ-ಹೆಂಡ್ತಿ ಒಂದೇ ಕಂಪ್ಯೂಟರ್ ಮುಟ್ಟಲ್ಲ ಇವರು. ಎಲ್ಲರ ಉತ್ತರ ಒಂದೇ ಕಡೆ ಅಂದ್ರೆ ಚಪ್ಪಲಿ ತಗೊಂಡು ಬರ್ತಾರೆ."

"ಏನು ಕೇಳಿದ್ರು ಅನ್ನೋದು ಇರುತ್ತೆ. ಯಾರು ಕೇಳಿದ್ರು ಅನ್ನೋದು ಎಲ್ಲೂ ಬರೆದಿಡಲ್ಲ."

"ನೀನು ನೋಡಬಹುದಲ್ಲ?"

"ನನಗೂ ಗೊತ್ತಾಗಲ್ಲ. ಹಾಗೇ ಕಟ್ತೀನಿ."

ಅವನು ಎಲ್ಲರಿಗೂ ಹಾಗಂತ ಪತ್ರ ಬರೆದ. ನನ್ನ ಮಾತಿನ ಮೇಲೆ.

ಆಗಸ್ಟ್ ೭

ಬರೆದೆ. ಅಳಿಸಿದೆ. ಮತ್ತೆ ಬರೆದೆ. ಊಟ ಮಾಡಿದೆನೋ ಇಲ್ಲವೋ.

ಆಗಸ್ಟ್ ೧೨, ಸೋಮವಾರ

ನಾಲ್ಕು ನಿಮಿಷ ಹತ್ತು ಸೆಕೆಂಡು.

ಐದು ಸಾವಿರ ಹೆಸರಿನ ಪಟ್ಟಿ. ಮಧ್ಯಾಹ್ನ ಎರಡಕ್ಕೆ ಒತ್ತಿದೆ. ಸಾಲುಗಳು ಮೇಲಿಂದ ಕೆಳಕ್ಕೆ ಸುರಿದವು. ಕಣ್ಣು ಹಿಂದೆ ಬಿತ್ತು. ಅಲ್ಲೊಂದು ಇಲ್ಲೊಂದು ಸಾಲು ಮಾತ್ರ ನಿಂತು ಮೂರೂವರೆ ಸೆಕೆಂಡು ಯೋಚಿಸುತ್ತಿತ್ತು. ಯಾರೂ ಇನ್ನೂ ಕೇಳದ ಹೆಸರುಗಳು ಅವು, ಬರೀ ಎಪ್ಪತ್ತು. ಉಳಿದ ನಾಲ್ಕು ಸಾವಿರದ ಒಂಬೈನೂರ ಮೂವತ್ತನ್ನು ಬೆಳಗಿನಿಂದ ಯಾರ್ಯಾರೋ ನನಗಾಗಿ ಕಾದು ತಂದಿಟ್ಟಿದ್ದರು. ನನಗಾಗಿ ಅಂತ ಅವರಿಗೇ ಗೊತ್ತಿಲ್ಲ!

ಕುನ್ ಅಣ್ಣ ನನ್ನ ಕುರ್ಚಿಯ ಹಿಂದೆ ನಿಂತು "ಅಮ್ಮಾ ತಾಯಿ" ಅಂದ. ಇಬ್ಬರೂ ಮತ್ತೆ ಮತ್ತೆ ಒತ್ತಿದೆವು, ಪಟಾಕಿ ಸಿಕ್ಕಿದ ಮಕ್ಕಳ ಹಾಗೆ.

ನಮ್ಮ ಜಾಲತಾಣದ ಪುಟದಲ್ಲಿ ದಿನಕ್ಕೆ ಹತ್ತು ಹೆಸರು ಪುಕ್ಕಟೆ ನೋಡುವ ಒಂದು ಡಬ್ಬಿ ಇದೆಯಲ್ಲ, ಅದನ್ನೂ ಉಗ್ರಾಣಕ್ಕೆ ಸೇರಿಸು ಅಂತ ಅಣ್ಣನ ಹಟ. ಬಿಟ್ಟಿ ಗಿರಾಕಿಗಳಿಗೂ ವೇಗವೇ ಎಂದು ರೇಗಿದೆ. "ಅವರೂ ತಂದು ಹಾಕ್ತಾರಲ್ಲೇ" ಅಂದ. ಅದು ನಿಜ. ಸೇರಿಸಿದೆ.

ಆಗಸ್ಟ್ ೧೬, ಶುಕ್ರವಾರ

ಹೋದ ಗಿರಾಕಿಗಳಲ್ಲಿ ಆರು ಜನ ವಾಪಸ್. ಹೋಂಗ್ ಮೇಷ್ಟ್ರು ಖುದ್ದಾಗಿ ಊರಾಚೆಯ ಜಿಮೇಯ್‌ನಿಂದ ಬಸ್ಸು ಹತ್ತಿ ಬಂದಿದ್ದರು, ಕೈಯಲ್ಲಿ ಒಂದು ಚೀಲ ಲಾಂಗನ್ ಹಣ್ಣು. ಎಪ್ಪತ್ತೊಂದು ವರ್ಷ, ಗರಿಗರಿ ಇಸ್ತ್ರಿ ಅಂಗಿ, ಕಿವಿ ಸ್ವಲ್ಪ ಮಂದ.

"ಈಗ ಥಟ್ ಅಂತ ಬರುತ್ತೆ ಮಗಳೇ! ಮೊದಲು ಒತ್ತಿದ ಮೇಲೆ ಎದೆ ಢವಢವ ಅಂತಿತ್ತು. ಈಗ ಢವ ಅನ್ನೋದಕ್ಕೂ ಪುರಸೊತ್ತಿಲ್ಲ."

ಆ ಒಂದು ಹೆಸರು ಯಾಕೆ ಬೇಕೆಂದು ಕೇಳಿದೆ. ಈ ಕಸುಬಿನವರು ಯಾರೂ ಹೇಳುವುದಿಲ್ಲ. ಮೇಷ್ಟ್ರು ಈ ಕಸುಬಿನವರಲ್ಲ, ಎಲ್ಲವನ್ನೂ ಹೇಳಿಬಿಟ್ಟರು. ಅವರ ಊರಿನಲ್ಲಿ ಹಳೇ ಟಪಾಲು ಅಂಗಡಿಯೊಂದನ್ನು ಕೆಡವುವಾಗ ಅಟ್ಟದ ಮೇಲೆ ಇನ್ನೂರ ಹದಿನಾಲ್ಕು ಪತ್ರ ಸಿಕ್ಕವಂತೆ. ಕಡಲಾಚೆ ದುಡಿಯಲು ಹೋದ ಗಂಡಸರು ಮನೆಗೆ ಬರೆದು, ಮನೆ ತಲುಪದೇ ಉಳಿದವು. ಮೇಷ್ಟ್ರು ಒಂದೊಂದರ ಲಕೋಟೆಯನ್ನೂ ಚಿತ್ರ ತೆಗೆದು ಜಾಲದಲ್ಲಿ ಹಾಕಿದ್ದರು, ಮನೆಯವರು ಯಾರಾದರೂ ಗುರುತು ಹಿಡಿಯಲಿ ಅಂತ. ಒಂಬತ್ತು ವರ್ಷದಲ್ಲಿ ಮೂವತ್ತೇಳು ಪತ್ರ ಮನೆ ಸೇರಿದವು. ಆಮೇಲೆ ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆಯಿತು, ನಾಲ್ಕು ತಿಂಗಳು ಆಸ್ಪತ್ರೆ. ನವೀಕರಿಸಲು ಹೇಳಿ ಬಂದ ಪತ್ರವನ್ನು ಯಾರೂ ನೋಡಲಿಲ್ಲ. ಹೆಸರು ಉದುರಿತು. ಯಾವನೋ ವ್ಯಾಪಾರಿ ಹಿಡಿದು ಅಲ್ಲಿ ಕೂದಲು ಉದುರುವುದಕ್ಕೆ ಎಣ್ಣೆಯ ಜಾಹೀರಾತು ಹಾಕಿದ.

"ಹೊಸ ಹೆಸರು ತಗೊಂಡು ಅಲ್ಲೇ ಹಾಕಬಹುದಲ್ಲ ಮೇಷ್ಟ್ರೇ?"

"ಹಾಕಬಹುದು. ಹೊಸ ಹೆಸರನ್ನ ಯಾರಿಗೆ ಹೇಳಲಿ? ಹಳೇದು ಪೆನಾಂಗ್, ಮೆಡಾನ್, ಮನಿಲಾ ಕಡೆ ಸಂಘಗಳ ಪತ್ರಿಕೇಲಿ ಅಚ್ಚಾಗಿದೆ, ಮುದುಕರು ಚೀಟೀಲಿ ಬರ್ಕೊಂಡಿದಾರೆ. ಅವರ ವಿಳಾಸ ನಂಗೆ ಗೊತ್ತಿದ್ರೆ ಪತ್ರಾನೇ ಕಳಿಸ್ತಿರಲಿಲ್ವಾ?"

ಬೆಳ್ಳಕ್ಕಿ ತೆರೆದು ಆ ಹೆಸರಿನ ಅವಧಿ ನೋಡಿದೆ.

ಎಣ್ಣೆಯವನಿಗೆ ಲಾಭ ಬಂದಿಲ್ಲ, ಈ ಸಲ ನವೀಕರಿಸಿಲ್ಲ. ಸೆಪ್ಟೆಂಬರ್ ಇಪ್ಪತ್ತೈದರ ಬೆಳಗಿನ ಜಾವ ಹೆಸರು ಉದುರುತ್ತದೆ. ದಿನಕ್ಕೆ ಅರವತ್ತು ಸಾವಿರ ಹೆಸರು ಉದುರುತ್ತವೆ. ಯಾರೂ ಬೆರಳಿಟ್ಟು ತೋರಿಸದಿದ್ದರೆ ಇದೊಂದು ಯಾರ ಕಣ್ಣಿಗೂ ಬೀಳದೆ ಬೆಳಗಾಗುವವರೆಗೂ ಬಿದ್ದಿರುತ್ತದೆ, ಮೇಷ್ಟ್ರು ಎದ್ದು ಎತ್ತಿಕೊಳ್ಳಬಹುದು. ವ್ಯಾಪಾರಿಗಳ ಕಣ್ಣಿಗೆ ಬಿದ್ದರೆ ಅವರ ಯಂತ್ರಗಳು ಕಣ್ಣು ಮಿಟುಕಿಸುವುದರಲ್ಲಿ ನುಂಗುತ್ತವೆ. ಹಳೇ ಹೆಸರು, ಒಳ್ಳೊಳ್ಳೆ ಜಾಲತಾಣಗಳಿಂದ ಅದಕ್ಕೆ ಕೊಂಡಿಗಳಿವೆ. ನಿಜ ಹೇಳಬೇಕೆಂದರೆ ಬಹಳ ರುಚಿಯಾದ ಮೀನು.

ಹೆಸರನ್ನು ಇಲ್ಲಿ ಬರೆಯಲಾರೆ. ದಿನಚರಿಗೂ ಕಿವಿ ಇರುತ್ತದೆ.

ಆಗಸ್ಟ್ ೨೬, ಸೋಮವಾರ

ಹೀಗಾಗುತ್ತದೆಂದು ನನ್ನ ಕನಸಿನಲ್ಲೂ ಇರಲಿಲ್ಲ.

ಯಾರು ಕೇಳಿದರು ಎನ್ನುವುದನ್ನು ಎಲ್ಲೂ ಬಿಟ್ಟುಕೊಡಬಾರದೆಂದು ಅಷ್ಟು ಜಾಗ್ರತೆಯಿಂದ ಕಟ್ಟಿದೆ. ವೇಗವೇ ಬಾಯಿ ಬಿಡುತ್ತದೆಂದು ಹೊಳೆಯಲಿಲ್ಲ. ಉತ್ತರ ನಿಧಾನವಾಗಿ ಬಂದರೆ ಹಿಂದಿನ ಆರು ಗಂಟೆಗಳಲ್ಲಿ ಆ ಹೆಸರನ್ನು ಯಾರೂ ಕೇಳಿಲ್ಲ. ಥಟ್ಟನೆ ಬಂದರೆ ಯಾರೋ ಕೇಳಿದ್ದಾರೆ! ಮಗು ಕೂಡ ಹೇಳುತ್ತದೆ. ನಾನು ಹೇಳಲಿಲ್ಲ, ಬೋಳು ತ್ಸೈ ಹೇಳಿದ.

ಬೋಳು ತ್ಸೈ ನಮ್ಮ ಗಿರಾಕಿಗಳಲ್ಲೆಲ್ಲ ಚುರುಕು ಮನುಷ್ಯ. ಎರಡು ಲಕ್ಷ ಹೆಸರು ಕೇಳಿ, ಥಟ್ಟನೆ ಬಂದವನ್ನು ಮಾತ್ರ ಆರಿಸಿ, "ಯಾರೋ ಜಾಣರು ಕಣ್ಣಿಟ್ಟ ಹೆಸರುಗಳು" ಅಂತ ಒಂದು ಪಟ್ಟಿ ಮಾಡಿ ವ್ಯಾಪಾರಿಗಳ ಗುಂಪಿನಲ್ಲಿ ಹಂಚಿದ್ದಾನೆ. ಬಿಸಿ ಪಟ್ಟಿ ಅಂತ ಹೆಸರು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ಬೇಗ ಬಂದದ್ದು ಬಂಗಾರ ಅಂತ. ನಾನು ಹೊಲ ಕಾಯಲು ಹಾಕಿದ ಬೇಲಿಯೇ ಎದ್ದು ಮೇಯುತ್ತಿದೆ.

ಆಗಸ್ಟ್ ೨೭

ಬಿಸಿ ಪಟ್ಟಿಯಲ್ಲಿ ಮೇಷ್ಟ್ರು ಕಾಯುತ್ತಿರುವ ಹೆಸರಿದೆ. ಮುನ್ನೂರ ನಲವತ್ತೆರಡನೆಯದು.

ದಿನಕ್ಕೆ ನಾಲ್ಕೈದು ಸಲ ಅವರೇ ಕೇಳಿ ಕೇಳಿ ಅದನ್ನು ಬಿಸಿಯಾಗಿಟ್ಟಿದ್ದಾರೆ. ಫೋನ್ ಮಾಡಿದೆ. "ಮೇಷ್ಟ್ರೇ, ಇವತ್ತಿಂದ ಆ ಹೆಸರು ಮುಟ್ಟಬೇಡಿ. ಇಪ್ಪತ್ತೈದರ ಬೆಳಿಗ್ಗೆವರೆಗೂ."

"ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ನನ್ನಿಂದ" ಅಂದೆ. ಹಾಗಂದದ್ದು ಅವರಿಗೆ ಕೇಳಿಸಲಿಲ್ಲ, ಮತ್ತೆ ಜೋರಾಗಿ ಹೇಳಬೇಕಾಯಿತು. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಆಗಸ್ಟ್ ೩೦, ಶುಕ್ರವಾರ

ಮೇಷ್ಟ್ರು ಮೂರು ದಿನದಿಂದ ಮುಟ್ಟಿಲ್ಲ. ಇವತ್ತು ಬೆಳಿಗ್ಗೆ ಏಳಕ್ಕೆ ನಾನು ಒಂದೇ ಒಂದು ಸಲ ಕೇಳಿದೆ. ಥಟ್ಟನೆ ಬಂತು.

ಅಂದರೆ ಬೇರೆ ಯಾರೋ ಇದ್ದಾರೆ.

ಮೇಷ್ಟ್ರಿಗೆ ಹೇಳಿದೆ. "ನಂಗೂ ಅನ್ನಿಸಿತ್ತು" ಅಂದರು. "ಬೆಳಿಗ್ಗೆ ಎದ್ದು ನಾನೇ ಮೊದಲು ಕೇಳಿದ್ರೂ ಥಟ್ ಅಂತ ಬರೋದು. ನಿನ್ನ ಚಮತ್ಕಾರ ಅಂದ್ಕೊಂಡಿದ್ದೆ ಮಗಳೇ."

ಕುನ್ ಅಣ್ಣ ಚಹಾ ಸುರಿಯುವುದನ್ನು ನಿಲ್ಲಿಸಿದ. "ಯಾವುದೋ ಹದ್ದು ಕಾಯ್ತಿದೆ. ಯಾರು ಅಂತ ನೋಡು. ಅವನಿಗೆ ಬಾಗಿಲು ಹಾಕಿಬಿಡೋಣ, ಇಪ್ಪತ್ತೈದರವರೆಗೆ ಮಾತ್ರ."

"ಬರೆದಿಡಲ್ಲ ಅಂತ ಹೇಳಿದೀವಿ."

"ಒಂದು ದಿನ. ಒಂದೇ ಹೆಸರಿಗೆ. ಯಾರಿಗೆ ಗೊತ್ತಾಗುತ್ತೆ?"

ಎರಡು ಸಾಲು ಕೋಡ್ ಸಾಕು. ಬರೆದೂ ಬರೆದೆ. ಬೆರಳು ಗುಂಡಿಯ ಮೇಲಿತ್ತು. ಏಳು ವರ್ಷ ಈ ಜನರನ್ನು ಕಳ್ಳರು ಅಂತ ಬೈದಿದ್ದೇನೆ. ಅವರು ನನ್ನ ಮಾತು ನಂಬಿ ತಮ್ಮ ಗುಟ್ಟನ್ನೆಲ್ಲ ನನ್ನ ಉಗ್ರಾಣದಲ್ಲಿ ಸುರಿದಿದ್ದಾರೆ, ದಿನಕ್ಕೆ ಹದಿನೆಂಟು ಲಕ್ಷ ಸಲ. ಎರಡೂ ಸಾಲು ಅಳಿಸಿದೆ. ಅಳಿಸಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಮೇಷ್ಟ್ರ ಹೆಸರು ಹೋದರೆ ನನ್ನ ಹಟದಿಂದ ಹೋದಂತೆ.

ಸೆಪ್ಟೆಂಬರ್ ೨

ಅಣ್ಣನ ಹೊಸ ಉಪಾಯ: ಎಲ್ಲ ಉತ್ತರಗಳನ್ನೂ ಬೇಕೆಂತಲೇ ಮೂರೂವರೆ ಸೆಕೆಂಡು ತಡೆದು ಕೊಡುವುದು. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದ ಹಾಗೆ. ಚೆನ್ನಾಗಿ ಬೈದೆ. ಅವನು ಕಡಲೆಕಾಯಿ ಸುಲಿಯುತ್ತ ಕೇಳಿಕೊಂಡ.

ಬೈಯುತ್ತಿರುವಾಗಲೇ ಹೊಳೆಯಿತು. ಎಲ್ಲವನ್ನೂ ನಿಧಾನ ಮಾಡುವ ಬದಲು ಎಲ್ಲವನ್ನೂ ಬೇಗ ಮಾಡಿದರೆ? ಉದುರಲಿರುವ ಹೆಸರುಗಳು ಒಟ್ಟು ಇಪ್ಪತ್ತು ಲಕ್ಷ ಚಿಲ್ಲರೆ. ಅಷ್ಟೂ ಉಗ್ರಾಣದಲ್ಲಿ ಮೊದಲೇ ಇದ್ದರೆ ಎಲ್ಲವೂ ಥಟ್ಟನೆ ಬರುತ್ತವೆ, ಥಟ್ಟನೆ ಬರುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಆದರೆ ನಮ್ಮ ಒಂದು ಸರ್ವರ್ ಅಷ್ಟು ಕೇಳಲು ಹೋದರೆ ನೋಂದಣಿಯವರು ಒದ್ದು ಓಡಿಸುತ್ತಾರೆ. ಗಿರಾಕಿಗಳ ಯಂತ್ರಗಳೇ ಕೇಳಬೇಕು, ತಮ್ಮ ಬಿಡುವಿನಲ್ಲಿ, ತಮ್ಮದಲ್ಲದ ಹೆಸರುಗಳನ್ನು, ಗುರುತಿಲ್ಲದವರಿಗಾಗಿ.

ಈ ಜನರನ್ನು ಕೇಳಿಕೊಳ್ಳಬೇಕು. ನಾನು.

ಸೆಪ್ಟೆಂಬರ್ ೧೫, ಭಾನುವಾರ

ವರ್ಷವರ್ಷದ ಹಾಗೆ ಹುಣ್ಣಿಮೆ ಹಬ್ಬದ ದಾಳದಾಟ, ಯುಂಡಾಂಗ್ ಕೆರೆಯ ಪಕ್ಕದ ಹೋಟೆಲಿನಲ್ಲಿ. ನೂರ ಇಪ್ಪತ್ತು ಜನ, ಹನ್ನೆರಡು ಮೇಜು, ಮೇಜಿಗೊಂದು ಪಿಂಗಾಣಿ ಬಟ್ಟಲು, ಆರು ದಾಳ. ದೂರದೂರದಿಂದ ಬಂದಿದ್ದರು. ಹೋದ ವರ್ಷದವರೆಗೂ ನಾನು ತಲೆನೋವೆಂದು ತಪ್ಪಿಸಿಕೊಂಡವಳು. ದಾಳಗಳ ಖಣಖಣದಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ದಾಳ ಬಿದ್ದಂತೆ ಬಹುಮಾನ, ನನಗೆ ಎರಡು ಸೋಪು, ಒಂದು ಟವೆಲ್ ಬಂತು. ಬೋಳು ತ್ಸೈಗೆ ನಾಲ್ಕು ದಾಳದಲ್ಲಿ ಕೆಂಪು ನಾಲ್ಕೇ ಬಿದ್ದು ಮೊದಲ ಬಹುಮಾನ, ಅನ್ನದ ಕುಕ್ಕರ್. ಅದನ್ನು ತಲೆಯ ಮೇಲಿಟ್ಟುಕೊಂಡು ಕುಣಿದ.

ಆಮೇಲೆ ಕುನ್ ಅಣ್ಣ ಚಮಚದಿಂದ ಬಟ್ಟಲು ಬಡಿದು "ನಮ್ಮ ಆಹುಯಿ ಎರಡು ಮಾತಾಡ್ತಾಳೆ" ಅಂದುಬಿಟ್ಟ. ಎದ್ದು ನಿಂತೆ. ಬಿಡುವಿನ ಯಂತ್ರಗಳ ವಿಷಯ ಹೇಳಿದೆ.

"ಏನಮ್ಮಾ!" ತ್ಸೈ ಕೂಗಿದ. "ನನ್ನ ಯಂತ್ರ ಕಂಡೋರ ಹೆಸರು ಕೇಳ್ತಾ ಕೂರಬೇಕಾ? ನಾಳೆ ನನ್ನ ಹೆಂಡ್ತಿ ಕಂಡೋರ ಬಟ್ಟೆ ಒಗೀಬೇಕಾ?"

"ನಿನ್ನ ಬಟ್ಟೇನೇ ಒಗೆಯಲ್ಲ ಅವಳು" ಅಂತ ಹಿಂದಿನಿಂದ ಯಾರೋ ಅಂದರು. ನಗು. ನನ್ನ ಮಾತು ಅದರಲ್ಲಿ ಮುಳುಗಿಹೋಯಿತು.

ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ದನಿ ನಡುಗುವುದಿಲ್ಲ. "ಎಲ್ಲರೂ ಫೋನಿನಲ್ಲಿ ತ್ಸೈ ಅವರ ಬಿಸಿ ಪಟ್ಟಿ ತೆಗೀರಿ. ನೀವು ಯಾರಿಗೂ ಹೇಳದೆ ಕಾಯ್ತಿರೋ ಹೆಸರು ಅದರಲ್ಲಿ ಇದೆಯಾ ನೋಡಿ. ಬಾಯಿ ಬಿಟ್ಟು ಹೇಳಬೇಡಿ. ಸುಮ್ನೆ ನೋಡಿ."

ಇದುವರೆಗೂ ಬೇರೆಯವರ ಹೆಸರು ಹುಡುಕಲೆಂದೇ ಅವರು ಆ ಪಟ್ಟಿ ತೆರೆದಿದ್ದರು. ತಮ್ಮದನ್ನು ಅದರಲ್ಲಿ ಹುಡುಕಬೇಕೆಂದು ಒಬ್ಬನಿಗೂ ಹೊಳೆದಿರಲಿಲ್ಲ. ನೂರ ಇಪ್ಪತ್ತು ತಲೆಗಳು ಬಗ್ಗಿದವು. ಒಂದು ದಾಳವೂ ಉರುಳಲಿಲ್ಲ. ಒಬ್ಬೊಬ್ಬರ ಮುಖವೂ ಬಣ್ಣ ಕಳೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಯಾರೂ ಉಸಿರೆತ್ತುವ ಹಾಗಿಲ್ಲ, ಎತ್ತಿದರೆ ಹೆಸರು ಹೇಳಬೇಕಾಗುತ್ತದೆ. ಹೆಚ್ಚುಕಡಿಮೆ ಎಲ್ಲರ ಗುಟ್ಟೂ ಎಲ್ಲರ ಕೈಯಲ್ಲಿತ್ತು! ಇಡೀ ಕೋಣೆ ಒಂದೇ ಮನೆಯವರ ಹಾಗೆ ಕಂಡಿತು ನನಗೆ, ಸಾವು ಬಿದ್ದ ಮನೆಯಾದರೂ ಸರಿಯೆ.

ಬೋಳು ತ್ಸೈ ಕುಕ್ಕರನ್ನು ಮೆಲ್ಲಗೆ ಕೆಳಗಿಟ್ಟ. "ಎಲ್ಲಿ ಒತ್ತಬೇಕಮ್ಮಾ?" ಅಂದ.

ಸೆಪ್ಟೆಂಬರ್ ೧೭

ಒಂಬೈನೂರ ಹದಿನಾಲ್ಕು ಯಂತ್ರಗಳು ಒಪ್ಪಿವೆ, ಸಾವಿರದ ನೂರರಲ್ಲಿ. ಪರದೆಯ ಮುಂದೆ ಎರಡು ಗಂಟೆ ಸುಮ್ಮನೆ ಕೂತಿದ್ದೆ. ಉಗ್ರಾಣ ತುಂಬುತ್ತಿತ್ತು. ಲಂಝೌವಿನ ಯಾರದೋ ಯಂತ್ರ, ಯಜಮಾನ ಊಟಕ್ಕೆ ಹೋದಾಗ, ಯಾರಿಗೋ ಬೇಕಾದ ಹೆಸರನ್ನು ಕೇಳಿ ತಂದಿಡುತ್ತದೆ. ಯಾರು ಯಾರಿಗೆ ಅಂತ ಯಾರಿಗೂ ಗೊತ್ತಿಲ್ಲ, ನನಗೂ. ಇಪ್ಪತ್ತು ಲಕ್ಷ ಹೆಸರು ಎರಡೇ ಗಂಟೆಯಲ್ಲಿ. ನಾನು ದೇವರು ದಿಂಡರೆಂದು ಹೋದವಳಲ್ಲ, ಆದರೂ ಕೈ ಮುಗಿಯಬೇಕೆನ್ನಿಸಿತು. ಯಾರಿಗೆಂದು ತಿಳಿಯದೆ ಸುಮ್ಮನಾದೆ.

ಮಧ್ಯಾಹ್ನ ಮೇಜಿನ ಬಳಿ ಆರು ಜನ ಇದ್ದರು. ಕುನ್ ಅಣ್ಣ ಬ್ಯಾಂಕಿಗೆ ಹೋಗಿದ್ದ. ಬಂದವರನ್ನು ಒಣಬಾಯಲ್ಲಿ ಕೂರಿಸಲಾಗುತ್ತದೆಯೇ? ತಿಯೆಗ್ವಾನ್ಯಿನ್ ಚಹಾ ಎಲೆ ಎಷ್ಟು ಹಾಕಬೇಕೆಂದು ತಿಳಿಯಲಿಲ್ಲ, ಕಹಿಯಾಯಿತು. ಕುಡಿದರು.

ಸೆಪ್ಟೆಂಬರ್ ೧೯

ಹುಣ್ಣಿಮೆ. ಎಷ್ಟು ದೊಡ್ಡ ಚಂದ್ರ! ಆರು ದಿನ.

ಸೆಪ್ಟೆಂಬರ್ ೨೨, ಭಾನುವಾರ

ತ್ಸೈ ಹೊಸ ಬಿಸಿ ಪಟ್ಟಿ ಮಾಡಲು ಹೋಗಿ ಎರಡು ಲಕ್ಷಕ್ಕೆ ಎರಡು ಲಕ್ಷವೂ ಬಿಸಿಯಾಗಿ ಬಂದು ಸುಸ್ತಾಗಿದ್ದಾನಂತೆ. "ಊರೆಲ್ಲ ಬಂಗಾರ ಆದ್ರೆ ಬಂಗಾರಕ್ಕೇನು ಬೆಲೆ?" ಅಂತ ಗುಂಪಿನಲ್ಲಿ ಬರೆದುಕೊಂಡಿದ್ದಾನೆ.

ಹಳೇ ಪಟ್ಟಿ ಮಾತ್ರ ಎಲ್ಲರ ಫೋನಿನಲ್ಲಿ ಇನ್ನೂ ಇದೆ. ಮುನ್ನೂರ ನಲವತ್ತೆರಡನೆಯ ಸಾಲು ಯಾರಿಗಾದರೂ ನೆನಪಿದ್ದರೆ? ಆ ಇನ್ನೊಬ್ಬ, ಬೆಳಗಾಗುವ ಮೊದಲು ಕೇಳುವವನು, ಅವನಿಗಂತೂ ನೆನಪಿರುತ್ತದೆ.

ಸೆಪ್ಟೆಂಬರ್ ೨೫, ಬುಧವಾರ

ಬೆಳಿಗ್ಗೆ ಐದೂವರೆಗೆ ಮೇಷ್ಟ್ರ ಮನೆಯಲ್ಲಿದ್ದೆವು, ನಾನೂ ಕುನ್ ಅಣ್ಣನೂ. ಫೋನಿನಲ್ಲಿ ಹೇಳಿಕೊಟ್ಟರೆ ಸಾಕಿತ್ತು. ಅವರ ಕಿವಿ ಮಂದ, ಅದಕ್ಕೇ ಹೋದೆವು. ಮೇಷ್ಟ್ರು ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದರು, ಪರೀಕ್ಷೆಗೆ ಕೂತ ಹಾಗೆ. ಪಕ್ಕದಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿ, ಅದರೊಳಗೆ ಉಳಿದ ನೂರ ಎಪ್ಪತ್ತೇಳು ಪತ್ರ.

ಉದುರುವ ಗಳಿಗೆಯಲ್ಲಿ ಯಂತ್ರಗಳ ಜೊತೆ ಓಡಿ ಗೆಲ್ಲಲಾಗದು. ಹೆಸರು ಉದುರಿ ಮೂರು ಗಂಟೆಯಾಗಿತ್ತು. ಯಾರಾದರೂ ನುಂಗಿದ್ದರೆ ಆಗಲೇ ನುಂಗಿಯಾಗಿತ್ತು.

"ಕೇಳಲಾ?" ಅಂದರು.

ಬೆಳ್ಳಕ್ಕಿಯ ಉತ್ತರವನ್ನು ನಂಬಲಿಲ್ಲ, ಅದು ಆರು ಗಂಟೆ ಹಳೆಯದಿರಬಹುದು. ನಾನು ಕಟ್ಟಿದ್ದನ್ನು ನಾನೇ ಬದಿಗಿಟ್ಟು ನೇರವಾಗಿ ನೋಂದಣಿಯವರ ಬಾಗಿಲನ್ನೇ ತಟ್ಟಿಸಿದೆ. ಮೂರೂವರೆ ಸೆಕೆಂಡು. ಅಷ್ಟು ಉದ್ದದ ಮೂರೂವರೆ ಸೆಕೆಂಡನ್ನು ಈ ಜನ್ಮದಲ್ಲಿ ಕಂಡಿಲ್ಲ.

ಖಾಲಿ ಇತ್ತು.

"ಒತ್ತಿ ಮೇಷ್ಟ್ರೇ! ಒತ್ತಿ!" ಕುನ್ ಅಣ್ಣ ಕಿರುಚಿದ. ಮೇಷ್ಟ್ರು ಒತ್ತಿದರು. ಹೆಸರು ಅವರದಾಯಿತು. ಹತ್ತು ವರ್ಷದ ಹಣ ಕಟ್ಟಿಸಿದೆವು. ಅವರು ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟರು. ಆಮೇಲೆ ತಿಂಡಿಗೆ ಕರೆದುಕೊಂಡು ಹೋಗಿ ಕಡಲೆಬೀಜದ ಸಿಹಿ ಸಾರು ಕುಡಿಸಿದರು, ನಾನು ಎರಡು ಬೋಗುಣಿ ಕುಡಿದೆ. ಅಳು ಬಂತು. ಬಿಸಿ ಸಾರಿನ ಹಬೆ ಅಂತ ಹೇಳಿದೆ.

ದಾರಿಯಲ್ಲಿ ಅಣ್ಣ ಅಂದ, "ಆ ಹದ್ದು ಯಾಕೆ ಹಿಡೀಲಿಲ್ಲ?" ನನಗೂ ಅದೇ ಚಿಂತೆ.

ಅಕ್ಟೋಬರ್ ೨೪, ಗುರುವಾರ

ಮೇಷ್ಟ್ರು ಬಂದಿದ್ದರು. ನಮ್ಮವರು ಎಂಟು ಹತ್ತು 'ಹದ್ದು'ಗಳು ಮೇಜಿನ ಸುತ್ತ ಇದ್ದರು, ತ್ಸೈ ಕೂಡ. ಚಹಾ ಸುರಿದುಕೊಟ್ಟೆ. ಮೇಷ್ಟ್ರು ಅಂಗಿಯ ಜೇಬಿನಿಂದ ಅಚ್ಚು ಹಾಕಿಸಿದ ಒಂದು ಹಾಳೆ ತೆಗೆದು, ಓದು ಎಂದು ನನಗೆ ಕೊಟ್ಟರು. ಜೋರಾಗಿಯೇ ಓದಿದೆ, ಎಲ್ಲರೆದುರು.

ಕಡಲಾಚೆಯ ಮೆಡಾನ್‌ನಿಂದ ಒಬ್ಬ ಹೆಂಗಸು ಬರೆದಿದ್ದಾರೆ. ಹೆಸರು ತಾನ್ ಗಿಯೋಕ್ ಲಿಯಾನ್, ವಯಸ್ಸು ಅರವತ್ತೇಳು, ಬೆಳಿಗ್ಗೆ ಹಬೆಯಲ್ಲಿ ಬನ್ನು ಬೇಯಿಸಿ ಮಾರುತ್ತಾರೆ. ಮೂರು ವರ್ಷದ ಹಿಂದೆ ಸಂಘದ ಪತ್ರಿಕೆಯಲ್ಲಿ ನೋಡಿ ಮೇಷ್ಟ್ರ ಪುಟ ತೆರೆದರಂತೆ. ಒಂದು ಲಕೋಟೆಯ ಮೇಲೆ ಅವರ ಅಜ್ಜಿಯ ಹೆಸರು, ಕಳಿಸಿದವನ ಜಾಗದಲ್ಲಿ ಅವರ ಅಜ್ಜನ ಹೆಸರು. ಹಣ ಕಳಿಸುತ್ತೇನೆಂದು ಹೋದವನು ಒಂದು ಸಾಲೂ ಬರೆಯಲಿಲ್ಲ ಅಂತ, ಆಮೇಲೆ ತಾನೇ ಮಕ್ಕಳೊಂದಿಗೆ ಮೆಡಾನ್ ಸೇರಿದ ಅಜ್ಜಿ ಸಾಯುವವರೆಗೂ ಶಪಿಸಿದ್ದಳಂತೆ. ಮೊಮ್ಮಗನಿಗೆ ತೋರಿಸಲೆಂದು ಮಾರನೆಯ ವಾರ ತೆರೆದರೆ ಕೂದಲಿನ ಎಣ್ಣೆ. ಆ ಹುಡುಗ ಎಲ್ಲಿಂದಲೋ ಒಂದು ಪುಕ್ಕಟೆ ಡಬ್ಬಿ ಹುಡುಕಿಕೊಟ್ಟ. ಇದರಲ್ಲಿ ದಿನಾ ಈ ಹೆಸರು ಹಾಕಿ ನೋಡಜ್ಜಿ, ಯಜಮಾನ ಬದಲಾದರೆ ಗೊತ್ತಾಗುತ್ತೆ ಅಂದ. "ಆಗಿನಿಂದ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ನೋಡುತ್ತಿದ್ದೆ. ಕೊಂಡುಕೊಳ್ಳುವುದು ಹೇಗೆಂದು ನನಗೆ ಗೊತ್ತಿಲ್ಲ. ನೀವು ಬದುಕಿದ್ದೀರೋ ಇಲ್ಲವೋ ಗೊತ್ತಿರಲಿಲ್ಲ. ಪತ್ರ ಇನ್ನೂ ಇದೆಯೇ ಸ್ವಾಮಿ?"

ಓದುವುದನ್ನು ನಿಲ್ಲಿಸಿದೆ. ನನ್ನ ಬೆರಳು ಆ ಗುಂಡಿಯ ಮೇಲಿದ್ದ ದಿನ ನೆನಪಾಯಿತು. ಬಾಗಿಲು ಹಾಕುತ್ತಿದ್ದುದು ಇವರಿಗೆ. ಕುನ್ ಅಣ್ಣ ನನ್ನ ಕಡೆ ನೋಡಲಿಲ್ಲ, ಬಟ್ಟಲು ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ.

"ಇದೆಯಾ ಮೇಷ್ಟ್ರೇ?" ತ್ಸೈ ಕೇಳಿದ.

"ಇದೆ. ನಿನ್ನೆ ಕಳಿಸಿದೆ. ಒಡೆದು ನೋಡಲಿಲ್ಲ. ಅವರ ಮನೆ ಪತ್ರ."

ಅವರು ಹೋದ ಮೇಲೆ ಎಲ್ಲರ ಬಟ್ಟಲುಗಳನ್ನು ತೊಳೆದಿಟ್ಟೆ. ಈಗ ಆ ಹೆಸರನ್ನು ಇಲ್ಲಿ ಬರೆಯಬಹುದು, ಅಡ್ಡಿಯಿಲ್ಲ, ಆದರೂ ಕೈ ಏಳುತ್ತಿಲ್ಲ, ಕಸುಬಿನ ಅಭ್ಯಾಸ. ಬರೆಯುವ ಬದಲು ಬೆಳ್ಳಕ್ಕಿಯಲ್ಲಿ ಹಾಕಿ ಒಂದು ಸಲ ಕೇಳಿದೆ. ಉದುರುವ ಹೆಸರುಗಳ ಸಾಲಿನಲ್ಲಿ ಅದೀಗ ಇಲ್ಲ, ಬಿಡುವಿನ ಯಂತ್ರಗಳು ಅದನ್ನು ಮುಟ್ಟುವುದಿಲ್ಲ. ಥಟ್ಟನೆ ಬಂದರೆ ಯಾರೋ ಕೇಳಿರಬೇಕು.

ಮೂರೂವರೆ ಸೆಕೆಂಡು ಹಿಡಿಯಿತು. ಅದಕ್ಕಾಗಿ ಈಗ ಯಾರೂ ಕಾಯುತ್ತಿಲ್ಲ.